ಬಿಳಿ ಮಾಸ್ಕು ಕೈಜಾರಿದ್ದು

ಸುಬ್ರಾಯ ಖಾರ್ವಿಯ ದೋಣಿಯಲ್ಲಿ ನೀರಿಗಿಳಿಯುವಾಗ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕುಗಳು ಎರಡಿದ್ದವು. ಮುಖಕ್ಕೆ ಅಂಟುವ ರಬ್ಬರು ಒಂದಕ್ಕೆ ಬೆಳಕು ಹಾಯುವಂಥ ಬಿಳಿ, ಇನ್ನೊಂದಕ್ಕೆ ಕಡುಗಪ್ಪು.

"ನನ್ನೊಳಗೆ ನಾಲ್ಕೂ ಕಡೆಯ ಬೆಳಕು. ನಿನ್ನನ್ನು ಹಾಕಿಕೊಂಡವನು ಬಾವಿಯೊಳಗೆ ಕೂತಂತೆ, ಕರಿಯಣ್ಣ," ಎಂದು ಬಿಳಿ ಮಾಸ್ಕು ದಿನವೂ ಹಂಗಿಸುತ್ತಿತ್ತು.

"ಇರಲಿ ತಂಗಿ," ಎನ್ನುತ್ತಿತ್ತು ಕರಿ ಮಾಸ್ಕು.

ಒಂದು ಬೆಳಿಗ್ಗೆ ದೋಣಿಯ ಕೆಳಗೆ ಆಮೆಯೊಂದು ಹರಿದ ಬಲೆಗೆ ಸಿಕ್ಕಿಕೊಂಡು, "ಉಸಿರಿಗೆ ಮೇಲೆ ಬರಬೇಕು, ಯಾರಾದರೂ ಬಿಡಿಸಿ!" ಎಂದು ಕೂಗಿತು. ಸುಬ್ರಾಯ ಬಿಳಿ ಮಾಸ್ಕು ಹಾಕಿ ಧುಮುಕಿದ. ಬೆನ್ನ ಹಿಂದಿನ ಬಿಸಿಲು ರಬ್ಬರು ಹಾಯ್ದು ಒಳಗಿಂದ ಗಾಜಿಗೆ ಬಡಿಯಿತು. ಗಾಜು ಕನ್ನಡಿಯಂತಾಗಿ ಬಲೆಯ ನೂಲು ಕಾಣಲಿಲ್ಲ, ತನ್ನವೇ ಎರಡು ಕಣ್ಣು ಕಂಡವು. ಆಮೆಯನ್ನು ಬಿಡಿಸಲಾಗದೆ ಮೇಲೆ ಬಂದ.

'ನನ್ನ ಬೆಳಕೇ ಅಡ್ಡವಾಯಿತಲ್ಲ!' ಎಂದುಕೊಂಡಿತು ಬಿಳಿ ಮಾಸ್ಕು. ಸುಬ್ರಾಯ ಮತ್ತೆ ಅದನ್ನೇ ಏರಿಸಹೊರಟಾಗ ಅದು ಬೇಕೆಂದೇ ಕೈಜಾರಿ ಹಲಗೆಯ ಕೆಳಗೆ ಸೇರಿಕೊಂಡಿತು. ಅವನು ಕರಿಯದನ್ನು ಮುಖಕ್ಕೆ ಎಳೆದುಕೊಂಡು ಇಳಿದ.

ಕರಿ ಮಾಸ್ಕು ಪಕ್ಕದ ಬೆಳಕನ್ನೆಲ್ಲ ಹೊರಗೇ ನಿಲ್ಲಿಸಿತು. ಎದುರಿನ ಬಲೆ ಎಳೆ ಎಳೆಯಾಗಿ ಕಂಡಿತು, ಸುಬ್ರಾಯನ ಕೈಯ ಚಾಕು ಸರಸರನೆ ಆಡಿತು.

ದೋಣಿಯ ಪಕ್ಕದಲ್ಲಿ 'ಫೂ' ಎಂದು ಉಸಿರು ಕೇಳಿಸಿತು. "ದೇವರು ದೊಡ್ಡವನು," ಎಂದ ಸುಬ್ರಾಯ.

"ಕರಿಯಣ್ಣ, ಆಮೆ ಬಂತೇ?"

"ಬಂತು ತಂಗಿ. ನೀನು ಜಾರಿದೆ, ಅದು ಉಳಿಯಿತು."

ಹಲಗೆಯ ಕೆಳಗಿನ ಕತ್ತಲಲ್ಲಿ ಬಿಳಿ ಮಾಸ್ಕು ನಿಶ್ಚಿಂತೆಯಿಂದ ಮಲಗಿತು.