ಕಪ್ಪೆ ಎಣಿಸಲು ಹೋದ ಕೊಕ್ಕರೆ

ಮಕ್ಕಳೇ, ಒಂದು ಕಾಡಿನ ನಡುವೆ ಜೊಂಡು ಬೆಳೆದ ಕೆರೆಯೊಂದಿತ್ತು. ಅಲ್ಲಿ ಕಪ್ಪೆಗಳ ಗದ್ದಲ ಕಡಿಮೆಯಾಗಿದೆ ಎಂದು ಎಲ್ಲರ ಬಾಯಲ್ಲೂ ಮಾತು. ಅದನ್ನು ಕೇಳಿ ಕೋಣ ದಡಿಯಪ್ಪನಿಗೆ ಖುಷಿಯೋ ಖುಷಿ. ಕಾಡಿನ ಹಿರಿಯಳಾದ ಆನೆ ಭದ್ರಮ್ಮನ ಹತ್ತಿರ ಓಡಿದ.

"ಕಪ್ಪೆಗಳಿಲ್ಲದ ಮೇಲೆ ಕೆರೆ ಯಾಕೆ ಖಾಲಿ ಬಿಡೋದು, ಭದ್ರಮ್ಮ? ನಮಗೆ ಕೊಟ್ಟುಬಿಡಿ, ಹಾಯಾಗಿ ಹೊರಳಾಡ್ತೀವಿ."

"ಮೊದಲು ಎಣಿಸೋಣ," ಎಂದಳು ಭದ್ರಮ್ಮ. ಕಾಲು ಉದ್ದ, ಕಣ್ಣು ಚುರುಕು ಎಂದು ಕೊಕ್ಕರೆ ನೀಳಪ್ಪನನ್ನೇ ಕಳಿಸಿದಳು. ನೋಡಿ, ಎಂಥ ಆಯ್ಕೆ!

ನೀಳಪ್ಪ ಗಂಭೀರವಾಗಿ ಕೆರೆ ಸುತ್ತಿ ಬಂದ. "ಒಂದೂ ಇಲ್ಲ! ಜೊಂಡು ಸರಿಸಿ ನೋಡಿದೆ, ಕಲ್ಲಿನ ಸಂದಿಗೆ ಕೊಕ್ಕು ಹಾಕಿ ನೋಡಿದೆ. ಕಪ್ಪೆಗಳ ವಂಶವೇ ಮುಗಿಯಿತು, ಭದ್ರಮ್ಮ," ಎಂದು ಕಣ್ಣೊರೆಸಿಕೊಂಡ. ಅವನ ದುಃಖವೇನೂ ಸುಳ್ಳಲ್ಲ. ಪಾಪ, ಹಸಿದಿದ್ದ.

ಕೋಣಗಳು ಕೆರೆಯತ್ತ ಹೊರಟೇಬಿಟ್ಟವು. ಆಗ ಭದ್ರಮ್ಮನ ಕಿವಿಯ ಹಿಂದಿನಿಂದ ಸಣ್ಣ ದನಿ ಬಂತು. "ಅಜ್ಜೀ, ತಡೀರಿ! ನೀರಲ್ಲಿ ನನ್ನ ಮರಿಗಳಿವೆ, ತುಳಿದು ಅಪ್ಪಚ್ಚಿ ಮಾಡ್ತಾರೆ!" ಕಪ್ಪೆ ಚಿಮ್ಮಕ್ಕ ಅಲ್ಲಿ ಅವಿತು ಕೂತಿದ್ದಳು.

"ಇದ್ದೀಯಲ್ಲೇ! ನೀಳಪ್ಪ ಬಂದಾಗ ಎಲ್ಲಿ ಹೋಗಿದ್ದೆ?"

"ಅವನು ಬಂದರೆ ನಾವು ಉಸಿರೂ ಬಿಡಲ್ಲ, ಅಜ್ಜಿ. ಎಣಿಸಿಕೊಳ್ಳೋಕೆ ಎದುರಿಗೆ ಹೋದವರು ಅವನ ಹೊಟ್ಟೆ ಸೇರ್ತಾರೆ!"

ಕಾಡಿಗೆ ಕಾಡೇ ಗೊಳ್ಳೆಂದು ನಕ್ಕಿತು. ಭದ್ರಮ್ಮ ಕೋಣಗಳನ್ನು ಹಿಂದಕ್ಕೆ ಕರೆದಳು. ಧೈರ್ಯ ಬಂದ ಚಿಮ್ಮಕ್ಕ ಜಂಬ ಕೊಚ್ಚಿಕೊಂಡಳು. "ನಾವೇನೂ ಕಡಿಮೆಯಾಗಿಲ್ಲ! ನಮ್ಮ ಮನೆ ಮುಂದೆ ಕಾಲಿಡೋಕೆ ಜಾಗವಿಲ್ಲ!"

"ನೀನು ನೋಡಿದ್ದು ನಿನ್ನ ಮನೆ ಮುಂದೆ ಅಷ್ಟೇ ತಾನೆ?" ಎಂದಳು ಭದ್ರಮ್ಮ.

ನೀಳಪ್ಪನನ್ನು ದೂರದ ಮರಕ್ಕೆ ಅಟ್ಟಿದಳು. ಸಂಜೆ ಚಿಮ್ಮಕ್ಕನನ್ನು ತಲೆಯ ಮೇಲೆ ಕೂರಿಸಿಕೊಂಡು ಒಂದೊಂದು ದಡದಲ್ಲೂ ಅಷ್ಟಷ್ಟೇ ಹೊತ್ತು ಸದ್ದಿಲ್ಲದೆ ನಿಂತು ಕಪ್ಪೆಗಳ ದನಿ ಎಣಿಸಿದಳು. ಈಚೆ ದಡದಲ್ಲಿ ವಟವಟ ಸದ್ದು ಕಿವಿಗಡಚಿಕ್ಕಿತು. ಕೋಣಗಳು ಮೊದಲಿಂದಲೂ ಕದ್ದು ಹೊರಳಾಡುತ್ತಿದ್ದ ಆಚೆ ದಡದಲ್ಲಿ ಜೊಂಡೂ ಇಲ್ಲ, ದನಿಯೂ ಇಲ್ಲ. ಮರುದಿನ ಅದೇ ಹೊತ್ತಿಗೆ ಹೋದರೂ ಹಾಗೇ, ಅದರ ಮರುದಿನವೂ ಹಾಗೇ.

"ನನ್ನ ತಂಗಿ ಮನೆ ಇಲ್ಲೇ ಇತ್ತು," ಎಂದು ಚಿಮ್ಮಕ್ಕ ಅತ್ತೇಬಿಟ್ಟಳು.

ಆಚೆ ದಡಕ್ಕೆ ಕೋಣಗಳು ಸುಳಿಯಬಾರದೆಂದು ಭದ್ರಮ್ಮ ಕಟ್ಟಪ್ಪಣೆ ಮಾಡಿದಳು. ಮುಂದಿನ ಮಳೆಗಾಲಕ್ಕೆ ಅಲ್ಲಿ ಜೊಂಡು ಚಿಗುರಿತು. ಒಂದು ಸಂಜೆ ಅದರೊಳಗಿಂದ "ವಟ್" ಎಂದು ಒಂದೇ ಒಂದು ದನಿ ಕೇಳಿತು. "ತಂಗೀ!" ಎನ್ನುತ್ತ ಚಿಮ್ಮಕ್ಕ ಭದ್ರಮ್ಮನ ತಲೆಯಿಂದ ನೀರಿಗೆ ಹಾರಿದಳು.

ದೂರದ ಮರದಿಂದ ನೀಳಪ್ಪ ಕೂಗಿದ. "ಎಷ್ಟಿವೆ? ಯಾವ ದಡದಲ್ಲಿವೆ?"

"ನಿನಗ್ಯಾಕಪ್ಪಾ ಆ ಲೆಕ್ಕ?" ಎಂದು ಕೆರೆಗೆ ಕೆರೆಯೇ ವಟಗುಟ್ಟಿತು.

ನೀತಿ: ಕಣ್ಣಿಗೆ ಬೀಳಲಿಲ್ಲವೆಂದು 'ಇಲ್ಲವೇ ಇಲ್ಲ' ಎನ್ನಬಾರದು, ಮನೆ ಮುಂದೆ ಇದೆಯೆಂದು 'ಎಲ್ಲೆಲ್ಲೂ ಇದೆ' ಎನ್ನಬಾರದು, ಸರಿಯಾಗಿ ಎಣಿಸಿದರೆ ಮಾತ್ರ ಸರಿಯಾಗಿ ಕಾಪಾಡಬಹುದು.