ಗುಮಾಸ್ತನ ನಾಲ್ಕು ನಡೆ

"ಅಮ್ಮಾ, ನೀವು ಕೊಟ್ಟ ಮಂತ್ರವನ್ನು ಹನ್ನೆರಡು ವರ್ಷ ಒಂದು ದಿನವೂ ತಪ್ಪಿಸಿಲ್ಲ. ಒಂದಕ್ಷರ ಹೆಚ್ಚುಕಡಿಮೆ ಆಗಿಲ್ಲ. ಆದರೂ ಒಳಗೆ ಏನೂ ಆಗಲಿಲ್ಲವೇಕೆ?"

ಶಿಷ್ಯೆ ಇದನ್ನು ಕೇಳಿದ್ದು ಒಂದು ಕವಲುದಾರಿಯಲ್ಲಿ. ದಾರಿ ತಪ್ಪಿದ್ದ ಗುರುಗಳು ಎಮ್ಮೆ ಹೊಡೆದುಕೊಂಡು ಬಂದವನನ್ನು ಆಗಷ್ಟೇ ವಿಚಾರಿಸಿದ್ದರು. "ಎರಡೂ ಅಲ್ಲಿಗೇ ಹೋಗ್ತವೆ ತಾಯಿ, ಒಂದು ಲೇಟು" ಎಂದು ಅವನು ಹೊರಟುಹೋಗಿದ್ದ. ಯಾವುದು ಲೇಟೆಂದು ಹೇಳಿರಲಿಲ್ಲ. ಗುರುಗಳು ಕಲ್ಲಿನ ಮೇಲೆ ಕೂತರು.

"ಒಬ್ಬ ಗುಮಾಸ್ತನಿದ್ದ. ಚದುರಂಗದ ಪಂದ್ಯಗಳಲ್ಲಿ ಆಡುತ್ತಿದ್ದ. ಆರಂಭಕ್ಕೆ ಅವನ ಗುರು ನಾಲ್ಕು ನಡೆ ಕಲಿಸಿದ್ದರು. ಕಾಲಾಳನ್ನು ಒಂದು ಮನೆ ಸರಿಸು, ಅದು ಬಿಟ್ಟ ಜಾಗಕ್ಕೆ ಒಂಟೆಯನ್ನು ತಾ, ಕುದುರೆಯನ್ನು ಹೊರಡಿಸು, ರಾಜನನ್ನು ಕೋಟೆಗೆ ಸೇರಿಸು. ಎದುರಾಳಿ ಯಾರೇ ಇರಲಿ, ಅವನು ಇದನ್ನೇ ಆಡುತ್ತಿದ್ದ.

"ಒಂದು ವರ್ಷ ಕೊನೆಯ ಸುತ್ತಿನ ಆಟ ಸಮವಾದರೂ ಸಾಕು, ರಾಜ್ಯ ತಂಡದಲ್ಲಿ ಅವನಿಗೆ ಜಾಗ ಎನ್ನುವಂತಾಯಿತು. ಆಗ ಅವನಿಗೆ ಐವತ್ತೆರಡು. ಇನ್ನೊಂದು ಅವಕಾಶ ಬರುವಂತಿರಲಿಲ್ಲ. ಎದುರಿಗೆ ಕೂತವನು ಒಬ್ಬ ದರ್ಜಿ. ಬಿಳಿ ಕಾಯಿ ಅವನದು.

"ಎರಡನೆಯ ನಡೆಗೇ ದರ್ಜಿ ತನ್ನ ಒಂಟೆಯನ್ನು ಉದ್ದನೆಯ ಓರೆ ದಾರಿಗೆ ತಂದಿಟ್ಟ. ಆ ದಾರಿಯ ಇನ್ನೊಂದು ತುದಿಯಲ್ಲಿ ಗುಮಾಸ್ತನ ಆನೆ. ಗುಮಾಸ್ತ ಆ ನಡೆಯನ್ನು ನಿಯಮದಂತೆ ಹಾಳೆಯಲ್ಲಿ ದುಂಡಗೆ ಬರೆದುಕೊಂಡ. ತನ್ನ ಒಂಟೆಯನ್ನು ಎಂದಿನ ಮನೆಗೆ, ಅದೇ ದಾರಿಯ ನಡುವೆ, ಕಾವಲಿಲ್ಲದೆ ಇಟ್ಟ. ಗಡಿಯಾರ ಒತ್ತಿದ.

"ಮಾತಾಡಬಾರದೆಂಬ ನಿಯಮ ಮರೆತು ದರ್ಜಿ ಕೇಳಿದ: 'ಸ್ವಾಮಿ, ನಾನೇನು ಆಡಿದೆ ಅಂತ ನೋಡಿದಿರಾ?'

"'ನೀವು ಏನೇ ಆಡಿ, ನನ್ನ ಮೊದಲ ನಾಲ್ಕು ನಡೆ ಇವೇ.'

"'ಮೊದಲೇ ಹೇಳಬಾರದಿತ್ತೇ! ನನ್ನ ಬಸ್ಸಿನ ಚಾರ್ಜಾದರೂ ಉಳೀತಿತ್ತು.'

"ಹಾಗೆಂದು ದರ್ಜಿ ಒಂಟೆಯನ್ನು ಎತ್ತಿಕೊಂಡ. ಮುಂದಿನ ನಡೆಗೆ ಆನೆಯೂ ಹೋಯಿತು. ಅರ್ಧ ಗಂಟೆಯೊಳಗೆ ಗುಮಾಸ್ತ ಸೋಲೊಪ್ಪಿ ಸಹಿ ಹಾಕಿದ. ತಂಡದ ಪಟ್ಟಿಯಲ್ಲಿ ಬೇರೊಬ್ಬನ ಹೆಸರು ಬಂತು."

ಶಿಷ್ಯೆಗೆ ಸಮಾಧಾನವಾಗಲಿಲ್ಲ. "ಆದರೆ ಅಮ್ಮಾ, ಅವನು ಗುರು ಕಲಿಸಿದ್ದನ್ನು ಬಿಟ್ಟು ಬೇರೇನೂ ಮಾಡಲಿಲ್ಲವಲ್ಲ!"

"ಇಲ್ಲ" ಎಂದರು ಗುರುಗಳು. "ನಡೆಯೆಲ್ಲ ಗುರು ಹೇಳಿಕೊಟ್ಟದ್ದೇ."

ಅವರು ಸೀರೆಯ ದೂಳು ಕೊಡವಿ ಎದ್ದರು.

"ಮಂತ್ರ ಹೇಳುವಾಗ ನಿನ್ನೆದುರು ಯಾರು ಕೂತಿದ್ದಾರೆ ಎಂದು ನೀನು ಕೊನೆಯ ಸಲ ತಲೆಯೆತ್ತಿ ನೋಡಿದ್ದು ಯಾವಾಗ?"