ಸಾಹುಕಾರರು ಹಾಕಿದ ನಾಲ್ಕು ಹೊಲಿಗೆ

ಅಥಣಿಯ ಕರಕುಶಲ ಪ್ರದರ್ಶನದಲ್ಲಿ ಒಂದು ಬೆನ್ನುಚೀಲ ಎಲ್ಲರ ಕಣ್ಣು ಸೆಳೆದಿತ್ತು. ದಪ್ಪ ಕ್ಯಾನ್ವಾಸು, ತೊಗಲಿನ ಪಟ್ಟಿ, ಪೂರ್ತಿ ಕೈಹೊಲಿಗೆ. "ನನ್ನ ಕೈಲೆ ಹೊಲದದ್ದು," ಎಂದು ಕಾರ್ಖಾನೆಯ ಸಾಹುಕಾರರು ಮೀಸೆ ತಿರುವುತ್ತಿದ್ದರು.

ತಂಗೆವ್ವ ಅದನ್ನು ಕಂಡು ನಿಂತುಬಿಟ್ಟಳು. ಆ ಕಾರ್ಖಾನೆಯಲ್ಲೇ ದುಡಿಯುತ್ತಿದ್ದ ಅವಳ ಗಂಡ, ಸಾಯುವ ಮುಂಚೆ ತನಗೆಂದು ಹೊಲಿದುಕೊಂಡು, ಕಾರ್ಖಾನೆಯಲ್ಲೇ ಬಿಟ್ಟುಹೋಗಿದ್ದ ಚೀಲ ಅದು.

"ಅದು ನಮ್ಮನಿಯವರದ್ರಿ, ಕೊಡ್ರಿ."

"ಸಾಕ್ಷಿ ಏನೈತಿ? ಚೀಲ ಬಾಯಿಬಿಟ್ಟು ಹೇಳ್ತೈತೇನು?" ಸಾಹುಕಾರರು ನಕ್ಕರು. ಸುತ್ತಲಿದ್ದವರೂ ನಕ್ಕರು.

"ತಪ್ಪಾತ್ರಿ," ಎಂದಳು ತಂಗೆವ್ವ. "ಈ ಪಟ್ಟಿ ತುದಿ ಬಿಚ್ಚೇತಿ ನೋಡ್ರಿ. ನಿಮ್ಮ ಕೈಲೆ ನಾಕು ಹೊಲಿಗಿ ಹಾಕ್ರಿ, ನಾವೂ ಕಲೀತೇವಿ."

ಜನ ನೋಡುತ್ತಿದ್ದರು. ಸಾಹುಕಾರರು ಸೂಜಿ ತರಿಸಿ, ಠೀವಿಯಿಂದ ನಾಲ್ಕು ಹೊಲಿಗೆ ಹಾಕಿದರು. ನಾಲ್ಕೂ ಬಲಕ್ಕೆ ವಾಲಿದವು. ಚೀಲದ ಉಳಿದ ಹೊಲಿಗೆಗಳೆಲ್ಲ ಎಡಕ್ಕೆ ವಾಲಿದ್ದವು.

"ನಮ್ಮನಿಯವರು ಎಡಗೈಲೆ ಹೊಲೀತಿದ್ರು, ಸಾಹುಕಾರ್ರ. ನಿಮ್ಮ ಕೈ ಯಾವಾಗ ಬದಲಾತ್ರಿ?"

ಸಾಹುಕಾರರು ಚೀಲವನ್ನು ಅವಳ ಕಡೆ ಸರಿಸಿದರು.

ತಂಗೆವ್ವ ಅದನ್ನು ಬೆನ್ನಿಗೇರಿಸಿದಳು. ಗಂಡ ಎತ್ತರದ ಆಳು. ಚೀಲ ಅವಳ ಸೊಂಟದ ಕೆಳಗೆ ಜೋತಾಡಿತು.

"ಪಟ್ಟಿ ಗಿಡ್ಡ ಮಾಡಿಕೊಡ್ಲೇನಬೇ?" ಎಂದು ಯಾರೋ ಕೇಳಿದರು.

"ಬ್ಯಾಡ್ರಿ, ಅವರ ಅಳತಿ ಹಂಗ ಇರ್ಲಿ," ಎಂದು ಅವಳು ಮನೆಯ ದಾರಿ ಹಿಡಿದಳು.